ಹನ್ನೊಂದನೆಯ ಸಾಲು

ಪ್ರಯೋಗಾಲಯದಲ್ಲಿ ಕಳೆದ ವರ್ಷಗಳನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಎಂಟು ಅಡ್ಡ, ಹನ್ನೆರಡು ಉದ್ದ, ಒಟ್ಟು 96 ಗುಳಿಗಳು. ನೋಡಲು ಅಳಗುಳಿಮಣೆಯ ಮರಿಯ ಹಾಗೆ. ಹರಳು ಹಾಕುವ ಬದಲು ಜೀವಕೋಶಗಳನ್ನು ಹಾಕುತ್ತಿದ್ದೆವು, ಅಷ್ಟೆ. ಇಂಗ್ಲಿಷಿನಲ್ಲಿ ಇವಕ್ಕೆ ಬಾವಿ ಎಂಬ ಅರ್ಥದ ಹೆಸರಿದೆ. ಹತ್ತು ಹನಿ ಹಿಡಿಸದ ಕುಳಿಯನ್ನು ಬಾವಿ ಎನ್ನಲು ನನಗೆ ಬಾಯಿ ಬಾರದು, ಗುಳಿ ಎಂದೇ ಬರೆಯುತ್ತೇನೆ.

ಅದು ಕೊಲೆಯನ್ನು ಎಣಿಸುವ ತಟ್ಟೆ. ಬಲಿಯಾಗಬೇಕಾದ ಕೋಶಗಳಿಗೆ ಮೊದಲು ವಿಕಿರಣಶೀಲ ಕ್ರೋಮಿಯಂ-51 ಕುಡಿಸುತ್ತಿದ್ದೆವು. ಕೋಶ ಬದುಕಿರುವಷ್ಟು ಹೊತ್ತು ಕ್ರೋಮಿಯಂ ಹೆಚ್ಚುಕಡಿಮೆ ಒಳಗೇ ಇರುತ್ತದೆ. ಕೋಶದ ಪೊರೆ ತೂತಾದರೆ ಹೊರಗಿನ ದ್ರವಕ್ಕೆ ಸೋರುತ್ತದೆ. ಚೆನ್ನಾಗಿ ತೊಳೆದು, ಗುಳಿಗಳಿಗೆ ಹಂಚಿ, ಮೇಲೆ ಟಿ ಕೋಶಗಳನ್ನು, ಅಂದರೆ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳನ್ನು ಬಿಟ್ಟು, 37 ಡಿಗ್ರಿಯಲ್ಲಿ ನಾಲ್ಕು ತಾಸು ಇಡಬೇಕು. ಆಮೇಲೆ ಮೇಲಿನ ದ್ರವವನ್ನಷ್ಟೇ ಹೀರಿ ಗಾಮಾ ಕೌಂಟರಿಗೆ ಕೊಟ್ಟರೆ, ಯಾವ ಗುಳಿಯಲ್ಲಿ ಎಷ್ಟು ಸಾವು ಎಂಬುದು ಅಂಕಿಯಾಗಿ ಹೊರಬರುತ್ತದೆ. ಎದುರಿಗೆ ಸೀಸದ ಇಟ್ಟಿಗೆಗಳ ಗೋಡೆ, ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ, ಬೆವರಿಗೆ ಅಂಟಿಕೊಂಡ ಎರಡು ಪದರ ಕೈಗವಸು. ಕೆಲಸ ಬೇಸರದ್ದು. ಆದರೆ ಕೊನೆಯ ಐದು ನಿಮಿಷ, ಯಂತ್ರ ಅಂಕಿಗಳನ್ನು ಒಂದೊಂದಾಗಿ ಮುದ್ರಿಸುವಾಗ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ.

ನನ್ನ ಟಿ ಕೋಶಗಳು ಒಬ್ಬ ಆರೋಗ್ಯವಂತ ರಕ್ತದಾನಿಯಿಂದ ಬಂದವು. ಬಹಳ ಮಂದಿಯ ಮೈಯಲ್ಲಿ ಸದ್ದಿಲ್ಲದೆ ಅಡಗಿರುವ ಸೈಟೋಮೆಗಲೊವೈರಸ್ಸಿನ ಪ್ರೋಟೀನಿನ ಒಂದು ಪುಟ್ಟ ತುಣುಕನ್ನು ಗುರುತಿಸುವ ಕೋಶಗಳನ್ನೇ ಆರಿಸಿ ವಾರಗಟ್ಟಲೆ ಸಾಕಿದ್ದೆ. ಆ ತುಣುಕು ಹಚ್ಚಿದ ಕೋಶಗಳನ್ನು ಅವು ಕೊಲ್ಲಬೇಕು, ಹಚ್ಚದವುಗಳ ತಂಟೆಗೆ ಹೋಗಬಾರದು. ತಟ್ಟೆಯಲ್ಲಿ ಜಾಗ ಉಳಿದಿದ್ದರಿಂದ ಹನ್ನೊಂದನೆಯ ಸಾಲಿಗೆ ಬೇರೊಬ್ಬ ದಾನಿಯ ಕೋಶಗಳನ್ನು ಹಾಕಿದ್ದೆ, ವೈರಸ್ಸಿನ ತುಣುಕು ಹಚ್ಚದೆ. ಅಲ್ಲಿ ಏನೂ ಆಗಬಾರದಿತ್ತು. ಅಂಕಿ ಬಂದಾಗ ನೋಡಿದರೆ, ಆ ಸಾಲು ವೈರಸ್ ಇದ್ದ ಸಾಲಿನಷ್ಟೇ ಜೋರಾಗಿ ಸತ್ತಿತ್ತು.

ಲೇಬಲ್ ಅದಲುಬದಲಾಗಿದೆ ಎಂದುಕೊಂಡೆ. ಎರಡನೆಯ ಸಲ ಮಾಡಿದೆ, ಅದೇ ಫಲಿತಾಂಶ. ಮೂರನೆಯ ಸಲ ಪ್ರತಿ ಟ್ಯೂಬಿನ ಹೆಸರನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತ ಮಾಡಿದೆ, ಮತ್ತೆ ಅದೇ. ಮುಖ ಸಣ್ಣದು ಮಾಡಿಕೊಂಡು ಮಾರ್ಗದರ್ಶಕರ ಕೋಣೆಗೆ ಹೋದೆ.

"ಮೇಡಂ, ಎಲ್ಲೋ ತಪ್ಪಾಗುತ್ತಿದೆ. ವೈರಸ್ಸೇ ಇಲ್ಲದ ಕೋಶಗಳನ್ನು ಕೊಲ್ಲುತ್ತಿವೆ."

ಅವರು ಹಾಳೆ ನೋಡಿದರು. "ಯಾರ ಕೋಶ?"

"ಬೇರೆ ದಾನಿಯದು."

"ಒಬ್ಬರ ಕೋಶವನ್ನು ಇನ್ನೊಬ್ಬರ ಟಿ ಕೋಶದ ಎದುರು ಇಟ್ಟಿದ್ದೀಯ. ಅದಕ್ಕೆ ಆಸ್ಪತ್ರೆಯಲ್ಲಿ ಏನೆನ್ನುತ್ತಾರೆ?"

ಕಸಿ ಎನ್ನುತ್ತಾರೆ. ಗೊತ್ತಿದ್ದ ವಿಷಯವೇ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ವಿಷಯ. ಆದರೂ ನನ್ನ ವೈರಸ್ ಪ್ರಯೋಗದ ನಡುವೆ ಅಂಗಾಂಗ ಕಸಿ ಬಂದು ಕೂತಿದೆ ಎಂದು ನನಗೆ ಹೊಳೆದಿರಲಿಲ್ಲ. ಈ ಎರಡು ವಿಷಯಗಳು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿವೆ, ಅದೇ ತೊಂದರೆ. ನನ್ನ ಮಟ್ಟಿಗೆ ಅವು ಒಂದೇ ಅಧ್ಯಾಯ. ಅದನ್ನು ಇಷ್ಟು ವರ್ಷಗಳ ಮೇಲಾದರೂ ಒಮ್ಮೆ ಕೂತು ಬರೆಯಬೇಕೆನ್ನಿಸಿತು.

ಕಸಿ ಎಂಬುದು ತೋಟದ ಮಾತು. ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕುಡಿ ಕಟ್ಟಿದರೆ, ಜಾತಿ ಹತ್ತಿರದ್ದಾಗಿದ್ದರೆ, ಕೂಡಿಕೊಳ್ಳುತ್ತದೆ. ಗಿಡಕ್ಕೆ ರೋಗದ ವಿರುದ್ಧ ತನ್ನದೇ ರಕ್ಷಣೆಗಳಿವೆ, ಆದರೆ ಮೈಯೆಲ್ಲ ಸುತ್ತಿ ಪರಕೀಯರನ್ನು ಹುಡುಕುವ ಅಲೆಮಾರಿ ಕೋಶಗಳಿಲ್ಲ. ನಮಗಿವೆ. ಹಾಗಾಗಿ ನಮ್ಮಲ್ಲಿ ಅಣ್ಣನ ಚರ್ಮವೂ ತಂಗಿಗೆ ನಿಲ್ಲುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೀಟರ್ ಮೆಡಾವರ್ ಎಂಬ ಯುವ ಪ್ರಾಣಿಶಾಸ್ತ್ರಜ್ಞ ಗ್ಲಾಸ್ಗೋದ ಸುಟ್ಟಗಾಯಗಳ ವಿಭಾಗದಲ್ಲಿ, ಥಾಮಸ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆ ಇದನ್ನೇ ನೋಡಿದ. ಸುಟ್ಟಗಾಯಗಳಾಗಿದ್ದ ಒಬ್ಬ ಯುವತಿಗೆ ಆಕೆಯ ಸೋದರನ ಚರ್ಮದ ಚೂರುಗಳನ್ನು ಅಂಟಿಸಿದರು. ಕೆಲದಿನ ನಿಂತವು, ಆಮೇಲೆ ಉದುರಿದವು. ಎರಡನೆಯ ಕಂತು ಅಂಟಿಸಿದಾಗ ಅವು ಇನ್ನೂ ಬೇಗ ಹಾಳಾದವು. 1943ರಲ್ಲಿ ಇಬ್ಬರೂ ಪ್ರಕಟಿಸಿದ ಆ ವರದಿಯ ತಿರುಳು ಈ "ಇನ್ನೂ ಬೇಗ" ಎಂಬುದರಲ್ಲಿದೆ. ಎರಡನೆಯ ಸಲ ಬೇಗ ಬರುವುದು ನೆನಪಿರುವವರು ಮಾತ್ರ. ಸಿಡುಬು, ದಡಾರ ಒಮ್ಮೆ ಬಂದವರಿಗೆ ಮತ್ತೆ ಬಾರದಿರುವುದಕ್ಕೂ ಅದೇ ನೆನಪು ಕಾರಣ. ಕಸಿಯನ್ನು ದೇಹ ತಳ್ಳಿಹಾಕುವುದು ರೋಗನಿರೋಧಕ ವ್ಯವಸ್ಥೆಯ ಕೆಲಸ ಎಂಬುದು ಅಲ್ಲಿಂದ ಗಟ್ಟಿಯಾಯಿತು.

ಅದಕ್ಕೂ ಮುಂಚೆ, 1936ರ ಸುಮಾರಿಗೆ, ಲಂಡನ್ನಿನಲ್ಲಿ ಪೀಟರ್ ಗೋರರ್ ಇಲಿಗಳಲ್ಲಿ ಕಸಿಯ ಹಣೆಬರಹ ನಿರ್ಧರಿಸುವ ಒಂದು ಗುರುತನ್ನು ಕಂಡುಹಿಡಿದಿದ್ದರು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಜಾರ್ಜ್ ಸ್ನೆಲ್ ಅದರ ಜೀನುಗಳನ್ನು ತಲೆಮಾರುಗಟ್ಟಲೆ ಇಲಿಗಳನ್ನು ಕೂಡಿಸಿ ಬಿಡಿಸಿ ಪತ್ತೆ ಮಾಡಿದರು. ಇಲಿಯಲ್ಲಿ ಅದರ ಹೆಸರು ಎಚ್-2. ಮನುಷ್ಯರಲ್ಲಿ ಇದಕ್ಕೆ ಸಾಟಿಯಾದದ್ದರ ಮೊದಲ ಸುಳಿವನ್ನು ಪ್ಯಾರಿಸ್ಸಿನ ಜೀನ್ ದೌಸೆ 1958ರಲ್ಲಿ ಕೊಟ್ಟರು. ಅದು ಮುಂದೆ ಎಚ್‌ಎಲ್‌ಎ ಎನಿಸಿಕೊಂಡಿತು. ಕಿಡ್ನಿ ಕೊಡುವವರಿಗೂ ಪಡೆಯುವವರಿಗೂ ಹೊಂದುತ್ತದೆಯೇ ಎಂದು ನೋಡುವುದು ಇದನ್ನೇ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರಲ್ಲಿ ಲೆಕ್ಕವೇ ಬೇಡ, ಈ ಜೀನುಗಳಿಗೆ ಈವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ರೂಪಗಳು ಸಿಕ್ಕಿವೆ.

ಹೀಗೆ ಈ ಗುರುತುಗಳಿಗೆಲ್ಲ ಒಟ್ಟಾಗಿ ಅಂಗಾಂಶ ಹೊಂದಾಣಿಕೆಯ ಅಣುಗಳು ಎಂಬ ಹೆಸರು ಬಿತ್ತು. ಹೆಸರಿಡುವಾಗ ಯಾರೂ ತಲೆ ಕೆರೆದುಕೊಳ್ಳಲಿಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಕಾಡಿನಲ್ಲಿ ಇಲಿಗೆ ಇನ್ನೊಂದು ಇಲಿಯ ಚರ್ಮವನ್ನು ಯಾರು ಹೊಲಿಯುತ್ತಾರೆ? ಕೋಟ್ಯಂತರ ವರ್ಷಗಳಿಂದ ಪ್ರಾಣಿಗಳು ಇಷ್ಟು ಜತನದಿಂದ, ಇಷ್ಟು ವೈವಿಧ್ಯದಿಂದ ಉಳಿಸಿಕೊಂಡು ಬಂದ ಅಣುಗಳು ಶಸ್ತ್ರವೈದ್ಯರಿಗೆ ಅಡ್ಡಗಾಲು ಹಾಕಲೆಂದು ಹುಟ್ಟಿರಲಾರವು. ಅವುಗಳ ಅಸಲು ಕಸುಬು ಏನೆಂಬುದು ಹೊರಬೀಳಲು 1970ರ ದಶಕ ಬರಬೇಕಾಯಿತು. ಉತ್ತರ ಬಂದದ್ದು ಕಸಿಯವರಿಂದಲ್ಲ, ವೈರಸ್ಸಿನವರಿಂದ.

ಆ ವೈರಸ್ಸಿನ ಹೆಸರು ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್. ಉಚ್ಚರಿಸುವಷ್ಟರಲ್ಲಿ ಬಸ್ ತಪ್ಪಿಹೋಗುತ್ತದೆ, ಎಲ್‌ಸಿಎಂವಿ ಎಂದರೆ ಸಾಕು. ಮನೆಯಲ್ಲಿ ಓಡಾಡುವ ಸಣ್ಣ ಇಲಿಯೇ ಅದರ ತವರು. 1930ರ ದಶಕದಲ್ಲಿ ಎರಿಕ್ ಟ್ರಾಬ್ ಎಂಬಾತ ಪ್ರಿನ್ಸ್‌ಟನ್ನಿನ ಪ್ರಯೋಗಾಲಯದ ಇಲಿಗಳಲ್ಲಿ ಒಂದು ವಿಚಿತ್ರ ನೋಡಿದ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಈ ವೈರಸ್ ತಗುಲಿದ ಮರಿಗಳು ಜೀವಮಾನವಿಡೀ ಅದನ್ನು ಹೊತ್ತುಕೊಂಡು ತಿರುಗುತ್ತವೆ, ಕಾಯಿಲೆ ಬೀಳುವುದಿಲ್ಲ. ಬೆಳೆದ ಇಲಿಯ ಮಿದುಳಿಗೆ ಅದೇ ವೈರಸ್ ಚುಚ್ಚಿದರೆ ಒಂದು ವಾರದ ಆಚೀಚೆ ಸಾಯುತ್ತದೆ. ಎಳೆತನದಲ್ಲಿ ಕಂಡದ್ದನ್ನು ದೇಹ ತನ್ನದೆಂದೇ ಎಣಿಸುತ್ತದೆಯೇ? ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ 1949ರಲ್ಲಿ ಈ ಇಲಿಗಳನ್ನೂ, ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ಕರುಗಳನ್ನೂ ಒಟ್ಟಿಗಿಟ್ಟು ಹಾಗೆಂದೇ ಊಹಿಸಿದರು. 1953ರಲ್ಲಿ ಮೆಡಾವರ್ ತಂಡ ಹುಟ್ಟುವ ಮೊದಲೇ ಇಲಿಮರಿಗಳಿಗೆ ಬೇರೆ ತಳಿಯ ಕೋಶಗಳನ್ನು ಕೊಟ್ಟು, ದೊಡ್ಡವಾದ ಮೇಲೆ ಆ ತಳಿಯ ಚರ್ಮವನ್ನು ಅವು ಒಪ್ಪಿಕೊಳ್ಳುವುದನ್ನು ತೋರಿಸಿತು. 1960ರ ನೊಬೆಲ್ ಇಬ್ಬರಿಗೂ ಬಂತು. ಗಮನಿಸಿ, ಕಸಿಯ ದೊಡ್ಡ ಮಾತಿನ ಹಿಂದೆ ಆಗಲೇ ಈ ಇಲಿಯ ವೈರಸ್ ಹೊಂಚುಹಾಕಿ ಕುಳಿತಿದೆ.

ಬೆಳೆದ ಇಲಿ ಏಕೆ ಸಾಯುತ್ತದೆ ಎಂಬುದು ಇನ್ನೂ ಹೆಚ್ಚಿನ ಸೋಜಿಗ. ವೈರಸ್ ತಾನಾಗಿ ಮಿದುಳಿನ ಕೋಶಗಳನ್ನು ಕೊಲ್ಲುವುದಿಲ್ಲ. ಟಿ ಕೋಶಗಳನ್ನು ಅಡಗಿಸಿದರೆ ಇಲಿ ವೈರಸ್ ತುಂಬಿಕೊಂಡೇ ಬದುಕುತ್ತದೆ. ಕೊಲ್ಲುವುದು ವೈರಸ್ಸನ್ನು ಓಡಿಸಲು ಬಂದ ಟಿ ಕೋಶಗಳು. ಇಲಿಯ ಮೇಲಿನ ಸಿಟ್ಟಿಗೆ ಮನೆಗೇ ಬೆಂಕಿ ಇಟ್ಟ ಗಾದೆಯನ್ನು ಇಲ್ಲಿ ಇಲಿಯೇ ತನ್ನ ಮೇಲೆ ಪ್ರಯೋಗಿಸಿಕೊಳ್ಳುತ್ತದೆ.

1973ರಲ್ಲಿ ಕ್ಯಾನ್‌ಬೆರಾದ ಜಾನ್ ಕರ್ಟಿನ್ ಸಂಶೋಧನಾ ಶಾಲೆಯಲ್ಲಿ ಈ ಬೆಂಕಿಯನ್ನು ಅಳೆಯಲು ಇಬ್ಬರು ಜೊತೆಯಾದರು. ಪೀಟರ್ ಡೋಹರ್ಟಿ ಓದಿದ್ದು ಪಶುವೈದ್ಯ, ಎಡಿನ್‌ಬರೋದಲ್ಲಿ ಕುರಿಗಳ ಮಿದುಳಿನ ಸೋಂಕಿನ ಮೇಲೆ ಕೆಲಸ ಮಾಡಿ ಬಂದವರು. ರಾಲ್ಫ್ ಜಿಂಕರ್‌ನಾಗೆಲ್ ಸ್ವಿಟ್ಜರ್ಲೆಂಡಿನಿಂದ ಬಂದ ಯುವ ವೈದ್ಯ. ಒಬ್ಬರಿಗೆ ಇಲಿಯ ಮಿದುಳಿನ ಸುತ್ತಲಿನ ದ್ರವದಿಂದ ಕೋಶಗಳನ್ನು ತೆಗೆಯುವ ಕೈಚಳಕ, ಇನ್ನೊಬ್ಬರಿಗೆ ಕ್ರೋಮಿಯಂ ತಟ್ಟೆಯ ಪಟ್ಟುಗಳು. ಬಲಿಯಾಗಿ ಬಳಸಿದ್ದು ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಸಿಗುತ್ತಿದ್ದ, ಒಂದು ಇಲಿತಳಿಯಿಂದ ಬಂದ ಎಲ್ ಕೋಶಗಳನ್ನು. ಎಚ್-2 ಬೇರೆ ಇದ್ದರೆ ಇಲಿಯ ಕಾಯಿಲೆಯ ತೀವ್ರತೆಯೂ ಬೇರೆ ಎಂಬ ವರದಿಗಳು ಆಗ ಬರುತ್ತಿದ್ದವು. ಸರಿ, ಹಲವು ತಳಿಗಳ ಇಲಿಗಳಿಗೆ ವೈರಸ್ ಕೊಟ್ಟು, ಅವುಗಳ ಟಿ ಕೋಶಗಳನ್ನು ಸೋಂಕಿತ ಎಲ್ ಕೋಶಗಳ ಮೇಲೆ ಬಿಟ್ಟು ನೋಡಿದರು. ಕೆಲವು ತಳಿಗಳ ಟಿ ಕೋಶಗಳು ಚೆನ್ನಾಗಿ ಕೊಂದವು. ಉಳಿದವು ಸುಮ್ಮನೆ ಕೂತವು.

ಉಳಿದವು ದುರ್ಬಲ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊಂದ ತಳಿಗಳಿಗೆಲ್ಲ ಒಂದು ಸಮಾನ ಅಂಶವಿತ್ತು. ಎಲ್ ಕೋಶಗಳು ಯಾವ ತಳಿಯಿಂದ ಬಂದವೋ ಆ ತಳಿಯ ಎಚ್-2 ಇವುಗಳಲ್ಲೂ ಇತ್ತು. ಬೇರೆ ತಳಿಯ ಟಿ ಕೋಶಗಳಿಗೆ ಅವುಗಳದೇ ಎಚ್-2 ಇರುವ ಸೋಂಕಿತ ಕೋಶಗಳನ್ನು ಕೊಟ್ಟಾಗ ಅವೂ ಕೊಂದವು. ಅಂದರೆ ಟಿ ಕೋಶ ವೈರಸ್ಸನ್ನು ಒಂಟಿಯಾಗಿ ನೋಡುವುದೇ ಇಲ್ಲ. ವೈರಸ್ ಮತ್ತು ತನ್ನದೇ ಎಚ್-2, ಎರಡೂ ಒಟ್ಟಿಗೆ ಕಂಡರೆ ಮಾತ್ರ ಅದಕ್ಕೆ ಕಣ್ಣು ತೆರೆಯುತ್ತದೆ. 1974ರಲ್ಲಿ ಪ್ರಕಟವಾದ ಪುಟ್ಟ ಬರಹಗಳಲ್ಲಿ ಅವರು ಇದನ್ನು "ಬದಲಾದ ತಾನು" ಎಂಬ ಮಾತಿನಲ್ಲಿ ಹಿಡಿದಿಟ್ಟರು. ಟಿ ಕೋಶ ಹುಡುಕುವುದು ಪರಕೀಯನನ್ನಲ್ಲ, ಕೆಟ್ಟುಹೋದ ತನ್ನವನನ್ನು. ಅವರಿಗೆ ನೊಬೆಲ್ ಬರಲು 1996 ಆಗಬೇಕಾಯಿತು. ವೈದ್ಯಕೀಯದಲ್ಲಿ ಆ ಬಹುಮಾನ ಪಡೆದ ಮೊದಲ ಪಶುವೈದ್ಯ ಡೋಹರ್ಟಿ.

1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜಾಕ್ ಸ್ಟ್ರಾಮಿಂಗರ್ ಅವರ ಹಾರ್ವರ್ಡ್ ತಂಡ ಒಂದು ಎಚ್‌ಎಲ್‌ಎ ಅಣುವಿನ ಹರಳು ಬೆಳೆಸಿ ಅದರ ಆಕಾರ ಬಿಡಿಸಿದಾಗ ಈ ಮಾತಿಗೆ ರೂಪ ಬಂತು. ಚಪ್ಪಟೆ ನೆಲ, ಎರಡು ಕಡೆ ಸುರುಳಿಯಾದ ಕಟ್ಟೆ, ನಡುವೆ ಒಂದು ಕಾಲುವೆ. ಕಾಲುವೆಯಲ್ಲಿ ಅವರು ಇಡದೇ ಇದ್ದ ಏನೋ ಒಂದು ಕೂತಿತ್ತು. ಅದು ಪ್ರೋಟೀನಿನ ತುಣುಕು. ಕೋಶದ ಒಳಗೆ ತಯಾರಾಗುವ ಪ್ರೋಟೀನುಗಳ ಚೂರುಪಾರುಗಳನ್ನು ಈ ಅಣು ಕಾಲುವೆಯಲ್ಲಿ ಹಿಡಿದು ಹೊರಗೆ ತಂದು ತೋರಿಸುತ್ತದೆ, ಮನೆಯೊಳಗೆ ಏನು ಬೇಯುತ್ತಿದೆ ಎಂದು ಬಾಗಿಲಲ್ಲಿ ಒಂದು ಚಮಚ ಹಿಡಿದು ತೋರಿಸಿದ ಹಾಗೆ. ಒಳಗೆ ವೈರಸ್ ಸೇರಿಕೊಂಡಿದ್ದರೆ ಚಮಚದಲ್ಲಿ ಅದರ ತುಣುಕೂ ಕಾಣುತ್ತದೆ. ಟಿ ಕೋಶ ರುಚಿ ನೋಡುವುದು ತುಣುಕನ್ನು ಮಾತ್ರವಲ್ಲ, ಚಮಚವನ್ನೂ ಸೇರಿಸಿ.

ಇಲ್ಲಿಗೆ ಕಸಿಯ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ದಾನಿಯ ಕಿಡ್ನಿಯಲ್ಲಿ ಚಮಚವೇ ಬೇರೆ ಆಕಾರದ್ದು, ಅದರಲ್ಲಿ ಕೂರುವ ತುಣುಕುಗಳೂ ಬೇರೆ. ನನ್ನ ಟಿ ಕೋಶದ ಕಣ್ಣಿಗೆ ಅದು ಪಕ್ಕದ ಮನೆಯವರ ಕಿಡ್ನಿಯಾಗಿ ಕಾಣುವುದಿಲ್ಲ, ಮೈಯೆಲ್ಲ ಸೋಂಕು ಹಬ್ಬಿದ ನನ್ನದೇ ಕಿಡ್ನಿಯಾಗಿ ಕಾಣುತ್ತದೆ. ಒಂದು ವೈರಸ್ಸಿನ ಒಂದು ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳು ಸೋಂಕಿಗೆ ಮುಂಚೆ ಲಕ್ಷದಲ್ಲಿ ಒಂದೋ ಹತ್ತು ಲಕ್ಷದಲ್ಲಿ ಒಂದೋ ಇರುತ್ತವೆ. ಪರರ ಎಚ್‌ಎಲ್‌ಎಗೆ ತಿರುಗಿಬೀಳುವವು ನೂರರಲ್ಲಿ ಒಂದರಿಂದ ಹತ್ತರಷ್ಟು ಇರಬಹುದು. ಕಸಿಯ ವಿರುದ್ಧದ ಆರ್ಭಟ ಅಷ್ಟೊಂದು ಜೋರಾಗಿರುವುದು ಹೀಗೆ.

ಹಾಗಾದರೆ ಆ ನೂರಕ್ಕೆ ಹತ್ತರಲ್ಲಿ ಯಾರಿದ್ದಾರೆ? ಹಳೆಯ ವೈರಸ್ ಯುದ್ಧಗಳ ನಿವೃತ್ತ ಸೈನಿಕರೂ ಇದ್ದಾರೆ. ಇದರ ಅತಿ ಸೊಗಸಾದ ಉದಾಹರಣೆಯೂ ಆಸ್ಟ್ರೇಲಿಯಾದಿಂದಲೇ ಬಂದದ್ದು. 1990ರ ದಶಕದಲ್ಲಿ ಬ್ರಿಸ್ಬೇನಿನ ಸ್ಕಾಟ್ ಬರೋಸ್ ಮತ್ತು ಸಂಗಡಿಗರು ಎಪ್‌ಸ್ಟೀನ್-ಬಾರ್ ವೈರಸ್ಸನ್ನು ಗುರುತಿಸುವ ಟಿ ಕೋಶಗಳನ್ನು ನೋಡುತ್ತಿದ್ದರು. ಎಚ್‌ಎಲ್‌ಎಯ ಒಂದು ರೂಪವಾದ ಎಚ್‌ಎಲ್‌ಎ-ಬಿ8 ಇರುವ ಎಷ್ಟೋ ಮಂದಿಯಲ್ಲಿ ಈ ವೈರಸ್ಸಿನ ಒಂದೇ ತುಣುಕಿನ ಮೇಲೆ ಒಂದೇ ಅಚ್ಚಿನ ಟಿ ಕೋಶ ದಂಡುಗಟ್ಟಿರುತ್ತದೆ. ಆ ಕೋಶ ಎಚ್‌ಎಲ್‌ಎ-ಬಿ44 ಗುಂಪಿನ ಒಂದು ಬಗೆಯಿರುವ ಪರರ ಕೋಶಗಳನ್ನು ವೈರಸ್ ಇಲ್ಲದಿದ್ದರೂ ಕೊಲ್ಲುತ್ತದೆ. ಅದೇ ಗುಂಪಿನ ಇನ್ನೊಂದು ಬಗೆಯನ್ನು ಮುಟ್ಟುವುದಿಲ್ಲ. ಆ ಎರಡು ಬಗೆಗಳ ನಡುವೆ ಇರುವುದು ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಇನ್ನೊಂದು ಸ್ವಾರಸ್ಯ ಕೇಳಿ. ಒಬ್ಬ ಪೋಷಕರಿಂದ ಬಿ8, ಇನ್ನೊಬ್ಬರಿಂದ ಬಿ44 ಪಡೆದವರಲ್ಲಿ ಈ ಅಚ್ಚಿನ ಟಿ ಕೋಶ ಕಾಣುವುದೇ ಇಲ್ಲ. ಇದ್ದಿದ್ದರೆ ತನ್ನ ಮೈಯನ್ನೇ ತಿನ್ನುತ್ತಿತ್ತು. ಹಾಗಾಗಿ ದೇಹ ಅದನ್ನು ಉಳಿಸಿಕೊಂಡಿಲ್ಲ. ಅವರು ಅದೇ ವೈರಸ್ಸನ್ನು ಬೇರೆ ಟಿ ಕೋಶಗಳಿಂದ ನಿಭಾಯಿಸುತ್ತಾರೆ, ಏನೂ ಕೊರತೆಯಾಗದೆ.

2010ರಲ್ಲಿ ಲೈಡನ್ನಿನ ತಂಡವೊಂದು ಬೇರೆ ಬೇರೆ ವೈರಸ್ಸುಗಳ ನೆನಪು ಹೊತ್ತ ಟಿ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರರ ಎಚ್‌ಎಲ್‌ಎಗಳ ಎದುರು ಇಟ್ಟು ನೋಡಿದಾಗ, ಅರ್ಧಕ್ಕೆ ಸ್ವಲ್ಪ ಕಡಿಮೆ ಕೋಶಗಳು ಯಾವುದಾದರೊಂದು ಪರಕೀಯ ಎಚ್‌ಎಲ್‌ಎಗೆ ಕೆರಳಿದವು. ನನ್ನ ಹನ್ನೊಂದನೆಯ ಸಾಲು ಅಪರೂಪದ್ದೇನಲ್ಲ ಎಂದು ಅದನ್ನು ಓದಿದ ದಿನ ತಿಳಿಯಿತು. ಸ್ವಲ್ಪ ಪೆಚ್ಚೂ ಆದೆ. ಇಲಿಗಳಲ್ಲಿ ಇನ್ನೂ ಸ್ಪಷ್ಟ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದವರು 2003ರಲ್ಲಿ ತೋರಿಸಿದಂತೆ, ಹಲವು ವೈರಸ್‌ಗಳ ಸೋಂಕು ದಾಟಿಬಂದ ಇಲಿಗಳಿಗೆ ಪರರ ಕಸಿಯನ್ನು ಒಪ್ಪಿಸುವುದು ಬಹಳ ಕಷ್ಟ; ಚೊಕ್ಕ ಪಂಜರದಲ್ಲಿ ಸೋಂಕನ್ನೇ ಕಾಣದೆ ಬೆಳೆದ ಇಲಿಗಳಲ್ಲಿ ಅದು ಸಲೀಸು. ಇಲಿಯಲ್ಲಿ ಗೆದ್ದ ಎಷ್ಟೋ ಕಸಿ ಉಪಾಯಗಳು ಮನುಷ್ಯರಲ್ಲಿ ಮಕಾಡೆ ಬಿದ್ದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ. ನಾವು ಯಾರೂ ಚೊಕ್ಕ ಪಂಜರದಲ್ಲಿ ಬೆಳೆದವರಲ್ಲ.

ಹಾಗೆಂದು ಪ್ರತಿ ನೆಗಡಿಯೂ ಕಸಿಯನ್ನು ಕೊಲ್ಲುತ್ತದೆ ಎನ್ನುವಂತಿಲ್ಲ. ಬ್ರಿಸ್ಬೇನಿನ ಆ ಟಿ ಕೋಶವೇ ಬಿ44ರ ರಕ್ತಕೋಶಗಳನ್ನು ಸುಲಭವಾಗಿ ಕೊಲ್ಲುತ್ತದೆ, ಆದರೆ ಅದೇ ಬಿ44 ಇರುವ ಕಿಡ್ನಿಯ ನಾಳಕೋಶಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಚಮಚ ಒಂದೇ ಆದರೂ ಅಡುಗೆಮನೆ ಬೇರೆ. ಅದಕ್ಕೆ ಬೇಕಾದ ತುಣುಕು ಅಲ್ಲಿ ಸಾಕಷ್ಟು ಬೇಯುವುದಿಲ್ಲ. ತಟ್ಟೆಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹಚ್ಚುವ ಮುನ್ನ ಹತ್ತು ಸಲ ಯೋಚಿಸಬೇಕು ಎಂದು ಮೇಡಂ ಹೇಳುತ್ತಿದ್ದದ್ದು ಇದನ್ನೇ.

ಈವರೆಗೆ ಹೇಳಿದ್ದು ವೈರಸ್ಸಿನ ನೆನಪು ಕಸಿಗೆ ಮುಳುವಾಗುವ ಬಗೆ. ಉಲ್ಟಾ ದಾರಿ ಇನ್ನೂ ಹೆಚ್ಚು ನಡೆದಾಡಿದ ದಾರಿ. ಕಸಿ ನಿಲ್ಲಬೇಕಾದರೆ ಟಿ ಕೋಶಗಳನ್ನು ಮಂಕಾಗಿಸಬೇಕು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ ಬಂದ ಸೈಕ್ಲೋಸ್ಪೋರಿನ್, ಜಪಾನಿನ ತ್ಸುಕುಬಾ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಟ್ಯಾಕ್ರೋಲಿಮಸ್, ಇವು ಮಾಡುವುದು ಅದನ್ನೇ. ಆದರೆ ಮಾತ್ರೆಗೆ ಕಸಿಯ ವಿರೋಧಿ ಯಾರು, ವೈರಸ್ಸಿನ ಕಾವಲುಗಾರ ಯಾರು ಎಂಬ ಭೇದ ತಿಳಿಯದು. ಇಬ್ಬರೂ ಒಬ್ಬರೇ ಆಗಿರುವಾಗ ತಿಳಿಯುವುದಾದರೂ ಹೇಗೆ? ಕಾವಲು ಸಡಿಲವಾದ ಕೂಡಲೇ ಮೈಯಲ್ಲಿ ವರ್ಷಗಟ್ಟಲೆ ಮಲಗಿದ್ದ ವೈರಸ್ಸುಗಳು ಏಳುತ್ತವೆ. ಎಲ್ಲರಿಗಿಂತ ಮೊದಲು ಹೆಸರು ಹೇಳಬೇಕಾದದ್ದು ಸೈಟೋಮೆಗಲೊವೈರಸ್ಸನ್ನು. ಈ ವೈರಸ್ ಕಾಣದ ರೋಗಿಗೆ ಅದನ್ನು ಹೊತ್ತ ದಾನಿಯ ಅಂಗ ಹಾಕಿದರೆ ಅಪಾಯ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ತಿಂಗಳುಗಟ್ಟಲೆ ವ್ಯಾಲ್‌ಗ್ಯಾನ್‌ಸೈಕ್ಲೊವಿರ್ ಕೊಡುತ್ತಾರೆ. ಅದಕ್ಕೆ ಔಷಧವಾದರೂ ಇದೆ.

ಬಿಕೆ ವೈರಸ್ಸಿಗೆ ಅದೂ ಇಲ್ಲ. 1971ರಲ್ಲಿ ಕಿಡ್ನಿ ಕಸಿಯಾದ ಒಬ್ಬ ರೋಗಿಯ ಮೂತ್ರದಲ್ಲಿ ಮೊದಲು ಸಿಕ್ಕಿತು. ಬಿಕೆ ಎಂಬುದು ಆ ರೋಗಿಯ ಹೆಸರಿನ ಮೊದಲಕ್ಷರಗಳು. ನಮ್ಮಲ್ಲಿ ಬಹುಪಾಲು ಮಂದಿಗೆ ಇದು ಚಿಕ್ಕಂದಿನಲ್ಲೇ ತಗುಲಿ ಕಿಡ್ನಿಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಕಾಲೇಜಿನಲ್ಲಿ ಜೊತೆಗೆ ಓದಿದ ನನ್ನ ಸ್ನೇಹಿತನಿಗೆ ಕಸಿಯಾಗಿ ಏಳನೆಯ ತಿಂಗಳಿಗೆ ರಕ್ತದಲ್ಲಿ ಇದು ಕಂಡಿತು. ಮೂತ್ರದ ಸ್ಲೈಡಿನಲ್ಲಿ ಊದಿಕೊಂಡ, ನಡುವೆ ಮಂಜುಗಾಜಿನಂಥ ಕೇಂದ್ರವಿರುವ ಕೋಶಗಳು. ಕ್ಯಾನ್ಸರ್ ಕೋಶವೆಂದು ಮೋಸಹೋಗುವಂತಿರುತ್ತವೆ. ವೈದ್ಯರು ಮಾತ್ರೆಗಳಲ್ಲಿ ಒಂದನ್ನು ಅರ್ಧಕ್ಕೆ ಇಳಿಸಿದರು. ಅದೇ ಚಿಕಿತ್ಸೆ, ಬೇರೆ ಇಲ್ಲ. ಅವನ ಟಿ ಕೋಶಗಳು ಸ್ವಲ್ಪ ಎಚ್ಚೆತ್ತು ವೈರಸ್ಸನ್ನು ಹಿಡಿಯಬೇಕು, ಕಿಡ್ನಿಯನ್ನು ಹಿಡಿಯುವಷ್ಟು ಎಚ್ಚರವಾಗಬಾರದು.

"ಮಾತ್ರೆ ಇಳಿಸದಿದ್ದರೆ ವೈರಸ್ ಕಿಡ್ನಿ ತಿನ್ನುತ್ತದೆ, ಇಳಿಸಿದರೆ ನಾನೇ ತಿನ್ನುತ್ತೇನೆ," ಎಂದ ಅವನು ಫೋನಿನಲ್ಲಿ. "ನೀನು ಇದನ್ನೇ ಓದಿದವಳು, ನೀನೇ ಹೇಳು."

ಅತ್ತ ಹುಲಿ ಇತ್ತ ದರಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವನಿಗೆ ಬೇಕಿದ್ದದ್ದು ಗಾದೆಯಲ್ಲ.

ಎಲ್‌ಸಿಎಂವಿ ಕಥೆ ಕ್ಯಾನ್‌ಬೆರಾದಲ್ಲಿ ಮುಗಿಯಿತು ಎಂದು ನಾನು ಬಹಳ ಕಾಲ ನಂಬಿದ್ದೆ. ಮುಗಿದಿರಲಿಲ್ಲ. ಅಮೆರಿಕದಲ್ಲಿ 2003 ಮತ್ತು 2005ರಲ್ಲಿ ಇಬ್ಬರು ದಾನಿಗಳಿಂದ ಅಂಗ ಪಡೆದ ಎಂಟು ಮಂದಿಗೆ ಕೆಲವೇ ವಾರಗಳಲ್ಲಿ ಗುರುತು ಸಿಗದ ಕಾಯಿಲೆ ಬಂತು. ಏಳು ಮಂದಿ ತೀರಿಕೊಂಡರು. ಅವರ ಮೈಯಲ್ಲಿ ಸಿಕ್ಕಿದ್ದು ಎಲ್‌ಸಿಎಂವಿ. ಎರಡನೆಯ ದಾನಿಯ ಮನೆಯಲ್ಲಿ ಹೊಸದಾಗಿ ತಂದ ಸಾಕು ಹ್ಯಾಮ್‌ಸ್ಟರ್ ಇತ್ತು, ವೈರಸ್ ಅದರಲ್ಲಿತ್ತು. ದಾನಿಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಬದುಕುಳಿದ ಒಬ್ಬರಿಗೆ ರಿಬಾವಿರಿನ್ ಕೊಟ್ಟು, ಕಸಿಯ ಮಾತ್ರೆಗಳನ್ನು ಇಳಿಸಿದ್ದರು. ಆಮೇಲೆ ಮೆಲ್ಬರ್ನಿನಲ್ಲಿ ಒಬ್ಬನೇ ದಾನಿಯ ಅಂಗ ಪಡೆದ ಮೂವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸತ್ತರು. ಗೊತ್ತಿದ್ದ ಯಾವ ಪರೀಕ್ಷೆಗೂ ವೈರಸ್ ಸಿಕ್ಕಲಿಲ್ಲ. ಕೊನೆಗೆ ಅವರ ಅಂಗಾಂಶದಲ್ಲಿದ್ದ ಆನುವಂಶಿಕ ದ್ರವ್ಯವನ್ನೆಲ್ಲ ಓದಿ ಜಾಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ತುಣುಕುಗಳಲ್ಲಿ 14 ತುಣುಕುಗಳು ಮಾತ್ರ ಎಲ್‌ಸಿಎಂವಿಯ ದಾಯಾದಿಯೊಂದನ್ನು ಬೆಟ್ಟು ಮಾಡಿದವು. 2008ರಲ್ಲಿ ಅದು ಪ್ರಕಟವಾಯಿತು. ಡಾಂಡೆನಾಂಗ್ ವೈರಸ್ ಎಂದು ಅದರ ಹೆಸರು.

ಟಿ ಕೋಶ ಇಲ್ಲದ ಇಲಿಯನ್ನು ಬದುಕಿಸಿದ ವೈರಸ್ ಟಿ ಕೋಶ ಮಂಕಾದ ಮನುಷ್ಯರನ್ನು ಕೊಂದಿತು. ಇಲಿಗೂ ಈ ವೈರಸ್ಸಿಗೂ ಯುಗಯುಗದ ಒಡಂಬಡಿಕೆ ಇದ್ದಂತಿದೆ, ನಮಗಿಲ್ಲ. ನನ್ನ ಹಳೆಯ ಟಿಪ್ಪಣಿಗಳಲ್ಲಿ "ಎಲ್‌ಸಿಎಂವಿ ಕೋಶವನ್ನು ಕೊಲ್ಲದು" ಎಂದು ಅಡಿಗೆರೆ ಎಳೆದು ಬರೆದದ್ದಿದೆ. ಅದರ ಪಕ್ಕ ಈಗ "ಇಲಿಯಲ್ಲಿ" ಎಂದು ಸೇರಿಸಿದ್ದೇನೆ.

ಮಾತ್ರೆ ಇಳಿಸುವುದಕ್ಕಿಂತ ಹಸನಾದ ದಾರಿ ಇಲ್ಲವೇ? ಒಂದು ಇದೆ. ಎಪ್‌ಸ್ಟೀನ್-ಬಾರ್ ವೈರಸ್ ಕಸಿಯಾದವರಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಕೆರಳಿಸಿ ದುಗ್ಧಗ್ರಂಥಿಯ ಗೆಡ್ಡೆ ತರಿಸುವುದುಂಟು. ಪಿಟ್ಸ್‌ಬರ್ಗಿನ ಥಾಮಸ್ ಸ್ಟಾರ್ಜ್ಲ್ 1984ರಲ್ಲಿ, ಮಾತ್ರೆ ಇಳಿಸಿದರೆ ಎಷ್ಟೋ ಸಲ ಈ ಗೆಡ್ಡೆ ಕರಗುತ್ತದೆ ಎಂದು ತೋರಿಸಿದರು. ಮಾತ್ರೆ ಇಳಿಸಿ ರೋಗಿಯ ಟಿ ಕೋಶಗಳನ್ನೆಲ್ಲ ಬಿಡುವ ಬದಲು ಬೇಕಾದವನ್ನಷ್ಟೇ ಹೊರಗೆ ಬೆಳೆಸಿ ಕೊಡಬಹುದಲ್ಲ ಎಂಬ ಯೋಚನೆ ಆಮೇಲೆ ಬಂತು. ಸಿಯಾಟಲ್ಲಿನಲ್ಲಿ 1992ರಲ್ಲಿ ಸೈಟೋಮೆಗಲೊವೈರಸ್ಸಿಗೆ, 1995ರಲ್ಲಿ ಮೆಂಫಿಸ್ಸಿನ ತಂಡ ಎಪ್‌ಸ್ಟೀನ್-ಬಾರ್‌ಗೆ, ಮಜ್ಜೆಯ ಕಸಿಯಾದವರಲ್ಲಿ ಇದನ್ನು ಮಾಡಿದವು. ಈಗ ಅಪರಿಚಿತ ದಾನಿಗಳ ಇಂಥ ಟಿ ಕೋಶಗಳನ್ನು ಬೆಳೆಸಿ, ಶೀತಲೀಕರಿಸಿ, ಎಚ್‌ಎಲ್‌ಎ ನೋಡಿ ಆರಿಸಿಕೊಡುವ ಸಂಗ್ರಹಗಳಿವೆ. ಅಂಥ ಒಂದಕ್ಕೆ ಯುರೋಪ್ ಒಕ್ಕೂಟ 2022ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು. ಅಪರಿಚಿತರ ಟಿ ಕೋಶ ಎಂದ ಕೂಡಲೇ ನನ್ನ ತಲೆಯಲ್ಲಿ ಹನ್ನೊಂದನೆಯ ಸಾಲು ಎದ್ದು ನಿಲ್ಲುತ್ತದೆ. ಅವು ರೋಗಿಯ ಮೈಯನ್ನೇ ತಿನ್ನಬೇಕಿತ್ತು. ಆದರೆ ಹಾಗಾಗುವುದು ವಿರಳ. ಒಂದೇ ವೈರಸ್ಸಿನ ಮೇಲೆ ವಾರಗಟ್ಟಲೆ ಬೆಳೆಸುವಾಗ ಉಳಿದ ಬಗೆಗಳು ಅಳಿದು ಕೆಲವೇ ಅಚ್ಚಿನವು ಉಳಿಯುವುದು ಒಂದು ಕಾರಣವಿರಬಹುದು. ವೈರಸ್ ಇಲ್ಲದ ಕೋಶಗಳನ್ನೂ ಎದುರಿಗಿಟ್ಟು, ಕೊಲ್ಲುತ್ತವೆಯೇ ಎಂದು ನೋಡುವ ಪರೀಕ್ಷೆಗೆ ಈ ಕೆಲಸದಲ್ಲಿ ದೊಡ್ಡ ಜಾಗವಿದೆ. ನಾನು ಜಾಗ ಉಳಿದಿದೆಯೆಂದು ತುಂಬಿಸಿದ ಗುಳಿಗಳನ್ನು ಅವರು ಬೇಕೆಂದೇ ತುಂಬಿಸುತ್ತಾರೆ.

ಸ್ನೇಹಿತ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಬಿಕೆ ವೈರಸ್ ನಾಲ್ಕು ತಿಂಗಳಿನಿಂದ ಇಳಿಯುತ್ತಾ ಬಂದು ಈಗ ಯಂತ್ರದ ಅಳತೆಗೂ ಸಿಗುತ್ತಿಲ್ಲವಂತೆ. ನಾನು ಖುಷಿಯಿಂದ ಏನೋ ಹೇಳಲು ಹೊರಟೆ.

"ತಡಿ," ಎಂದ. "ಕ್ರಿಯಾಟಿನಿನ್ ಸ್ವಲ್ಪ ಏರಿದೆ. 1.4 ಇದ್ದದ್ದು 1.7. ಒಳ್ಳೆಯದೋ ಕೆಟ್ಟದ್ದೋ?"

ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಕಿಡ್ನಿಯ ಸೋಸುವ ಕೆಲಸ ಕುಂದಿದೆ ಎಂದರ್ಥ. ವೈರಸ್ ಬಿಟ್ಟುಹೋದ ಗಾಯದ ಗುರುತೂ ಇರಬಹುದು, ಎಚ್ಚೆತ್ತ ಟಿ ಕೋಶಗಳು ಕಿಡ್ನಿಯ ಕಡೆ ತಿರುಗಿದ್ದೂ ಇರಬಹುದು ಎಂದೆ. ಸೂಕ್ಷ್ಮದರ್ಶಕದಲ್ಲೂ ಅವೆರಡು ಒಂದನ್ನೊಂದು ಹೋಲುತ್ತವೆ, ಎರಡರಲ್ಲೂ ಕಾಣುವುದು ನಾಳಗಳ ನಡುವೆ ನುಗ್ಗಿದ ಟಿ ಕೋಶಗಳೇ ಎಂಬುದನ್ನು ಹೇಳಲಿಲ್ಲ. ದಾನಿಯ ವಿರುದ್ಧ ಪ್ರತಿಕಾಯಗಳು ಹುಟ್ಟಿವೆಯೇ ಎಂದು ನೋಡಿಸಿದ್ದೀಯಾ ಎಂದು ಕೇಳಿದೆ.

"ರಕ್ತ ಕೊಟ್ಟು ಬಂದಿದ್ದೇನೆ. ಗುರುವಾರ ಬಯಾಪ್ಸಿ," ಎಂದ. ರಾತ್ರಿ ಎಂಟು ಗಂಟೆಯಾಗಿತ್ತು. ಮಾತ್ರೆಯ ಹೊತ್ತು, ಇಡುತ್ತೇನೆ ಎಂದು ಫೋನಿಟ್ಟ.